ಉಳುಕಿದ ಕಾಲಿಗೆ ಅಂಟುಪಟ್ಟಿ: ಒಂದು ಸಣ್ಣ ಚರಿತ್ರೆ

ನಾನು ಐಟಿಐ ಓದಿದ ಎಲೆಕ್ಟ್ರಿಷಿಯನ್. ದಿನಾ ಕೈಯಲ್ಲಿ ಟೇಪು ಇದ್ದೇ ಇರುತ್ತದೆ. ಆದರೆ ಇಲ್ಲಿ ಹೇಳುತ್ತಿರುವುದು ವೈರಿನ ಟೇಪಿನ ಕತೆ ಅಲ್ಲ, ಆಟಗಾರರು ಕಾಲಿಗೆ ಸುತ್ತುವ ಬಿಳಿ ಪಟ್ಟಿಯ ಕತೆ. ವರ್ಜೀನಿಯಾ, ಷಾರ್ಲಟ್, ಅಟ್ಲಾಂಟಾ ಎಲ್ಲೇ ನೋಡಿ, ಭಾನುವಾರ ನಮ್ಮ ಹುಡುಗರು ಅದನ್ನು ಸುತ್ತಿಕೊಂಡು ಕ್ರಿಕೆಟ್ಟು, ವಾಲಿಬಾಲು ಅಂತ ಇಳಿಯುತ್ತಾರೆ. ಸೋಮವಾರ ಅದೇ ಕಾಲಲ್ಲಿ ಏಣಿ ಹತ್ತಬೇಕು. ಹಾಗಾಗಿ ಆ ಪಟ್ಟಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅಂತ ನಮಗೆ ಗೊತ್ತಿರುವುದು ಒಳ್ಳೇದು.

ನಮ್ಮ ಕಡೆ ಕೈಕಾಲು ಮುರಿದರೆ ಪುತ್ತೂರು ಕಟ್ಟು. ಆಂಧ್ರದ ಪುತ್ತೂರಿನಿಂದ ಬಂದ ಈ ಪದ್ಧತಿಯ ಬೋರ್ಡು ಬೆಂಗಳೂರಲ್ಲೂ ಕಾಣುತ್ತದೆ. ಬಿದಿರು ಪಟ್ಟಿ, ಮೊಟ್ಟೆಯ ಬಿಳಿ, ಬಟ್ಟೆ. ಅಲ್ಲಾಡಿಸದೆ ಇಡುವುದೇ ಅದರ ಗುಟ್ಟು. ಅಂಟುಪಟ್ಟಿಯ ದಾರಿ ಬೇರೆ. 1895ರಲ್ಲಿ ನ್ಯೂಯಾರ್ಕಿನ ಮೂಳೆ ವೈದ್ಯ ವರ್ಜಿಲ್ ಗಿಬ್ನಿ ಕಣಕಾಲು ಉಳುಕಿನ ಬಗ್ಗೆ ಒಂದು ಲೇಖನ ಬರೆದರು. ಸಮಯ ಹಾಳಾಗದ, ಊರುಗೋಲು ಬೇಡದ ಚಿಕಿತ್ಸೆ ಅಂತ ತಲೆಬರಹದಲ್ಲೇ ಹೇಳಿದ್ದರು. ದಿನಗೂಲಿಯವನ ಕಿವಿಗೆ ಇದಕ್ಕಿಂತ ಇಂಪಾದ ಮಾತು ಯಾವುದಿದೆ!

ಕಣಕಾಲು ಸಾಮಾನ್ಯವಾಗಿ ಉಳುಕುವುದು ಪಾದ ಒಳಕ್ಕೆ ಮಗುಚಿದಾಗ. ಹೊರಬದಿಯ ಕಟ್ಟುನಾರು ಎಳೆದು ಹರಿಯುತ್ತದೆ. ಅದಕ್ಕೇ ಪಟ್ಟಿಯನ್ನು ಒಳಬದಿಯಿಂದ ಹಿಮ್ಮಡಿಯ ಕೆಳಗೆ ತಂದು ಹೊರಬದಿಗೆ ಮೇಲಕ್ಕೆಳೆದು ಅಂಟಿಸುತ್ತಾರೆ. ಅದರ ಮೇಲೆ ಅಡ್ಡ ಪಟ್ಟಿ, ಮತ್ತೆ ಉದ್ದ ಪಟ್ಟಿ, ಬುಟ್ಟಿ ಹೆಣೆದ ಹಾಗೆ. ಗಿಬ್ನಿ ಹೆಸರಿನ ಆ ಹೆಣಿಗೆ ಇವತ್ತಿಗೂ ಇದೆ. ಹಳೇ ಅಂಟು ಚರ್ಮ ಕೆರಳಿಸುತ್ತಿತ್ತು. 1899ರಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಕಂಪನಿ, 1901ರಲ್ಲಿ ಜರ್ಮನಿಯ ಬೈಯರ್ಸ್‌ಡಾರ್ಫ್ ಕಂಪನಿ ಸತುವಿನ ಆಕ್ಸೈಡ್ ಬೆರೆಸಿದ ಪಟ್ಟಿ ತಂದ ಮೇಲೆ ಆ ಕಾಟ ಕಡಿಮೆಯಾಯಿತು.

ಆಮೇಲೆ ಅಮೆರಿಕನ್ ಫುಟ್‌ಬಾಲ್ ತಂಡಗಳಲ್ಲಿ ಪಟ್ಟಿ ಸುತ್ತುವುದೇ ಒಂದು ಕಸುಬಾಯಿತು. ಆ ತರಬೇತುದಾರರು 1950ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಸೇರಿ ತಮ್ಮದೇ ರಾಷ್ಟ್ರೀಯ ಸಂಘ ಕಟ್ಟಿದರು. ಅಳತೆ ಹಿಡಿದು ನೋಡುವವರೂ ಬಂದರು. ಹತ್ತು ನಿಮಿಷ ಜೋರಾಗಿ ಓಡಾಡಿದರೆ ಪಟ್ಟಿಯ ಬಿಗಿ ಸುಮಾರು 40 ಶೇಕಡಾ ಇಳಿಯುತ್ತದೆ ಅಂತ 1962ರ ಒಂದು ಪರೀಕ್ಷೆ ತೋರಿಸಿತು. 1973ರಲ್ಲಿ ಗ್ಯಾರಿಕ್ ಮತ್ತು ರೆಕ್ವಾ ಬ್ಯಾಸ್ಕೆಟ್‌ಬಾಲ್ ಆಡುವ ವಿದ್ಯಾರ್ಥಿಗಳ ಲೆಕ್ಕ ಕೊಟ್ಟರು. ಪಟ್ಟಿ ಸುತ್ತಿದವರಲ್ಲಿ ಉಳುಕು ಕಡಿಮೆ, ಅದರಲ್ಲೂ ಹಿಂದೆ ಒಮ್ಮೆ ಉಳುಕಿದ್ದವರಿಗೆ ಲಾಭ ಹೆಚ್ಚು. ಅಂದರೆ ಪಟ್ಟಿ ಮತ್ತೆ ಮಗುಚದ ಹಾಗೆ ತಡೆಯುತ್ತದೆ. ಹರಿದ ನಾರನ್ನು ಅದು ಕೂಡಿಸುವುದಿಲ್ಲ.

ನೋವು ನುಂಗಿ ನಿಲ್ಲುವವರನ್ನು ನಾವು ಚಪ್ಪಾಳೆ ಹೊಡೆದು ಮೆಚ್ಚುತ್ತೇವೆ. 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಬಟ್ಟೆ ಬಿಗಿದು ಬೌಲ್ ಮಾಡಿ ಲಾರಾನ ವಿಕೆಟ್ ತೆಗೆದ ನಮ್ಮ ಅನಿಲ್ ಕುಂಬ್ಳೆಯನ್ನು ಯಾರು ಮರೆತಾರು? ಆದರೆ ಕುಂಬ್ಳೆ ಮರುದಿನ ಚಿಕಿತ್ಸೆಗೆ ಬೆಂಗಳೂರಿಗೆ ಹೊರಟರು, ಅದನ್ನೂ ನೆನಪಿಡಬೇಕು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಕೆರಿ ಸ್ಟ್ರಗ್ ಎಂಬ 18ರ ಹುಡುಗಿ ಉಳುಕಿದ ಕಾಲಲ್ಲೇ ಎರಡನೇ ಸಲ ಹಾರಿದಳು. ತಂಡಕ್ಕೆ ಚಿನ್ನ ಬಂತು. ಆಮೇಲೆ ಲೆಕ್ಕ ಹಾಕಿದರೆ, ಆ ಜಿಗಿತ ಇಲ್ಲದಿದ್ದರೂ ಚಿನ್ನ ಅವರದೇ ಆಗುತ್ತಿತ್ತು. ಅವಳಿಗೆ ಮತ್ತೊಂದು ಒಲಿಂಪಿಕ್ಸ್ ಸಿಗಲಿಲ್ಲ.

ನಮಗೆ ಬೇಕಾದದ್ದು ಇಷ್ಟು. ಪೆಟ್ಟಾದ ಮೇಲೆ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಪಟ್ಟಿ ಬೇಡ, ಎಕ್ಸ್‌ರೇ ಬೇಕು. ಸುತ್ತಿದ ಮೇಲೆ ಬೆರಳು ಜೋಮು ಹಿಡಿದರೆ, ನೀಲಿಯಾದರೆ ಕೂಡಲೇ ಬಿಚ್ಚಿ. ನಮ್ಮ ಕರೆಂಟಿನ ಟೇಪನ್ನು ಇದಕ್ಕೆ ಬಳಸಬೇಡಿ, ಅದು ಹಿಗ್ಗುವ ಪ್ಲಾಸ್ಟಿಕ್ಕು, ಬೆವರಿಗೂ ದಾರಿ ಬಿಡುವುದಿಲ್ಲ. ಕಾಲು ಉಳುಕಿದ್ದು ಕೆಲಸದ ಜಾಗದಲ್ಲೇ ಆದರೆ ಪಟ್ಟಿ ಸುತ್ತಿ ಮುಚ್ಚಿಡಬೇಡಿ. ವರ್ಜೀನಿಯಾ, ಜಾರ್ಜಿಯಾ, ಉತ್ತರ ಕೆರೊಲೈನಾದಲ್ಲಿ ಮಾಲೀಕರಿಗೆ ತಿಳಿಸಲು ಕಾನೂನು ಕೊಡುವುದು 30 ದಿನ. ಅವತ್ತೇ ಬರೆದು ಕೊಟ್ಟು, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.