ಶ್ರೀರಂಗಪಟ್ಟಣ: ರಾಜಧಾನಿಯಿಂದ ವಿಹಾರದ ನಡುಗಡ್ಡೆಗೆ

ಕಾವೇರಿ ಎರಡು ಕವಲಾಗಿ ಒಡೆದು ಮತ್ತೆ ಕೂಡುವ ನಡುವಿನ ನೆಲ ಶ್ರೀರಂಗಪಟ್ಟಣ. ಉದ್ದ ಸುಮಾರು 5 ಕಿಲೋಮೀಟರ್, ಅಗಲ ಸುಮಾರು ಒಂದೂವರೆ ಕಿಲೋಮೀಟರ್. ಪಶ್ಚಿಮದ ತುದಿಯಲ್ಲಿ ಕೋಟೆ ಮತ್ತು ರಂಗನಾಥನ ಗುಡಿ, ಪೂರ್ವದ ಕಡೆ ಗಂಜಾಂ, ಅದರಾಚೆಗೆ ಸಂಗಮ. ಪಾಂಡವಪುರ, ನಾಗಮಂಗಲ, ಕೃಷ್ಣರಾಜಪೇಟೆ, ಕಿಕ್ಕೇರಿ ಸೀಮೆಯವರು ಬುತ್ತಿ ಕಟ್ಟಿಕೊಂಡು ಬಂದು, ಹೊಳೆಯಲ್ಲಿ ಮಿಂದು, ದರ್ಶನ ಮುಗಿಸಿ, ಮರದಡಿ ಉಂಡು ಸಂಜೆಗೆ ಊರು ಸೇರುತ್ತಾರೆ. ಹೊಳೆಸ್ನಾನ, ತೋಟದ ನೆರಳು, ಹರಿಗೋಲಿನ ಸುತ್ತು, ಹಕ್ಕಿಗಳ ವೀಕ್ಷಣೆ ಇವೆಲ್ಲ ಒಂದೇ ಕಾಲದಲ್ಲಿ ಇಲ್ಲಿ ನೆಲೆಯೂರಿದವಲ್ಲ. ಈಗಿನ ನಿಶ್ಶಬ್ದವೂ ಮೊದಲಿನಿಂದ ಇದ್ದುದಲ್ಲ. ರಾಜಧಾನಿಯೊಂದು ಬರಿದಾದದ್ದರಿಂದ ಅದು ಬಂತು.

ಮೊದಲು ಬಂದವರು ಯಾತ್ರಿಕರು. ರಂಗನಾಥ ದೇವಾಲಯದ ಮೂಲವನ್ನು 894ರಲ್ಲಿ ಗಂಗರ ಸಾಮಂತ ತಿರುಮಲಯ್ಯನ ಕಾಲಕ್ಕೆ ಒಯ್ಯುವುದುಂಟು. ಕಾವೇರಿಯ ಮೂರು ರಂಗಕ್ಷೇತ್ರಗಳಲ್ಲಿ ಇದು ಆದಿರಂಗ. ಶಿವನಸಮುದ್ರ ಮಧ್ಯರಂಗ, ತಮಿಳುನಾಡಿನ ಶ್ರೀರಂಗ ಅಂತ್ಯರಂಗ. ನದಿ ಪಡುವಣಕ್ಕೆ ತಿರುಗಿ ಹರಿಯುವ ಪಶ್ಚಿಮವಾಹಿನಿ ಪಿತೃಕಾರ್ಯಕ್ಕೂ ಅಸ್ಥಿ ವಿಸರ್ಜನೆಗೂ ಹೆಸರಾಯಿತು. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದು ಭಾಗವನ್ನು ಇಲ್ಲಿಯೂ ವಿಸರ್ಜಿಸಲಾಯಿತು. ತುಲಾ ಮಾಸದ ಸ್ನಾನ, ಮಕರ ಸಂಕ್ರಾಂತಿಯ ಲಕ್ಷದೀಪೋತ್ಸವ, ರಥಸಪ್ತಮಿಯ ತೇರು ಇಂದಿಗೂ ಜನರನ್ನು ಸೆಳೆಯುತ್ತವೆ. ಇಲ್ಲಿ ವಿಹಾರವೂ ಯಾತ್ರೆಯೂ ಇಂದಿಗೂ ಬೇರೆಬೇರೆಯಾಗಿಲ್ಲ.

ಹೊಳೆಯೇ ಕಂದಕವಾಗಿದ್ದುದರಿಂದ ಈ ನೆಲದ ಮೇಲೆ ಅರಸರ ಕಣ್ಣು ಬಿತ್ತು. ಕೋಟೆ ಕಟ್ಟಿದ ಕೀರ್ತಿ ನಾಗಮಂಗಲದ ತಿಮ್ಮಣ್ಣನಿಗೆ ಸಲ್ಲುತ್ತದೆ, ಕಾಲ 1454. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಪಟ್ಟಣವನ್ನು ವಶಪಡಿಸಿಕೊಂಡು ದಸರಾ ಆರಂಭಿಸಿದರು. ಆ ಶತಮಾನದ ನಡುವಿನಲ್ಲಿ ಕಂಠೀರವ ನರಸರಾಜ ಒಡೆಯರು ನದಿಗೆ ಅಣೆಕಟ್ಟೆ ಹಾಕಿಸಿ, ಬಂಗಾರದೊಡ್ಡಿ ನಾಲೆಯನ್ನು ಕವಲಿನ ಮೇಲಿನಿಂದಲೇ ಮೇಲ್ಗಾಲುವೆಯಲ್ಲಿ ದಾಟಿಸಿ ನಡುಗಡ್ಡೆಗೆ ನೀರು ತಂದರು. ಸುತ್ತ ನೀರಿದ್ದರೂ ಎತ್ತರದ ನೆಲಕ್ಕೆ ಅದು ತಾನಾಗಿ ಹತ್ತದು. ಗದ್ದೆ ತೋಟಗಳಿಗೆ ಜೀವ ಕೊಟ್ಟದ್ದು ಈ ನಾಲೆ.

ಆ ಹಸಿರಿನ ಮೇಲೆ, ಮುಂದಿನ ಶತಮಾನದಲ್ಲಿ ಆಳಿದ ಹೈದರಾಲಿ ಮತ್ತು ಅವನ ಮಗ ಟಿಪ್ಪು ತಮ್ಮ ಉದ್ಯಾನಗಳನ್ನು ಬೆಳೆಸಿದರು. ಪೂರ್ವದ ಲಾಲ್‌ಬಾಗಿನಲ್ಲಿ ಒಂದು ಅರಮನೆ ಎದ್ದಿತು. ಹೈದರನ ಸಮಾಧಿಯಾದ ಗುಂಬಜ್ ಇರುವುದೂ ಅಲ್ಲಿಯೇ. 1784ರಲ್ಲಿ ಕೋಟೆಯ ಹೊರಗೆ ಕಟ್ಟಿದ ದರಿಯಾ ದೌಲತ್ ಟಿಪ್ಪುವಿನ ಬೇಸಿಗೆಯ ಅರಮನೆ. ತೇಗದ ಕಂಬಗಳು, ಸುತ್ತಲೂ ಪಡಸಾಲೆ, ಹೊಳೆಯ ಕಡೆಯಿಂದ ಬೀಸುವ ಗಾಳಿ. ಗೋಡೆಗಳ ತುಂಬ 1780ರ ಪೊಳ್ಳಿಲೂರು ಯುದ್ಧದಂಥ ಪ್ರಸಂಗಗಳ ಚಿತ್ರಗಳು. ನಡುಗಡ್ಡೆಯಲ್ಲಿ ವಿಶ್ರಾಂತಿಗೆಂದೇ ಕಟ್ಟಿದ ಮನೆಗಳಲ್ಲಿ ಇಂದಿಗೂ ಉಳಿದುಬಂದ ಮುಖ್ಯವಾದದ್ದು ಇದೇ. ಶಿರಾದಿಂದ ಕುಟುಂಬಗಳನ್ನು ಕರೆತಂದು ನೆಲೆಗೊಳಿಸಿದ ಗಂಜಾಂ ಮುಂದೆ ಅಂಜೂರಕ್ಕೆ ಹೆಸರಾಯಿತು.

1799ರ ಮೇ 4ರಂದು ಬ್ರಿಟಿಷರ ದಾಳಿಗೆ ಕೋಟೆ ಬಿತ್ತು, ಟಿಪ್ಪು ಮಡಿದ. ರಾಜಧಾನಿಯೂ ದಸರೆಯೂ ಮೈಸೂರಿಗೆ ಹೋದವು. ದರಿಯಾ ದೌಲತ್‌ನಲ್ಲಿ ಕೆಲಕಾಲ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ವಾಸವಿದ್ದ. 1804ರಲ್ಲಿ ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ ಉತ್ತರದ ಕವಲಿಗೆ ಕಲ್ಲುಕಂಬಗಳ ಸೇತುವೆಯಾಯಿತು. ಆರ್ಥರನ ಅಣ್ಣ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರು ಅದಕ್ಕೆ ಉಳಿಯಿತು. ಸೇತುವೆ ಬಂದರೂ ಜನ ನಿಲ್ಲಲಿಲ್ಲ. ಜ್ವರದ ಕಾಟ ತಾಳದೆ ಬ್ರಿಟಿಷರು ಸೈನ್ಯವನ್ನು 1809ರಲ್ಲಿ ಬೆಂಗಳೂರಿಗೆ ಸಾಗಿಸಿದರು. 1800ರಲ್ಲಿ ಸಮೀಕ್ಷೆಗೆಂದು ಫ್ರಾನ್ಸಿಸ್ ಬುಕಾನನ್ ಬಂದಾಗ ಸುಮಾರು 32,000 ಇದ್ದ ಜನಸಂಖ್ಯೆ 1901ರ ಹೊತ್ತಿಗೆ ಸುಮಾರು 8,600ಕ್ಕೆ ಇಳಿದಿತ್ತು. ಲಾಲ್‌ಬಾಗ್ ಅರಮನೆಯನ್ನು ಕಳಚಿ ಅದರ ಮರವನ್ನು ಊಟಿಗೆ ಒಯ್ದು, 1830ರಲ್ಲಿ ಸಿದ್ಧವಾದ ಸಂತ ಸ್ಟೀಫನ್ ಚರ್ಚಿಗೆ ಬಳಸಿದರು. ತಂಪು ಹುಡುಕುತ್ತಿದ್ದ ಆಂಗ್ಲರು ಬೆಟ್ಟಗಳ ಕಡೆ ಹೊರಳಿದ್ದ ಕಾಲ ಅದು. ನಡುಗಡ್ಡೆಯಲ್ಲಿ ಗುಡಿ, ಮಸೀದಿ, ಗದ್ದೆ, ಪಾಳುಗೋಡೆಗಳು ಉಳಿದವು.

ಈ ಪಾಳು ಕೋಟೆಯೇ ಮುಂದೆ ನೋಡುವ ತಾಣವಾಯಿತು. ಕದನದ ಜಾಗ ಕಾಣಲು ಬಂದ ಆಂಗ್ಲರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯೂ ಒಬ್ಬ. ದರಿಯಾ ದೌಲತ್‌ನ ಚಿತ್ರಗಳನ್ನು ಸರಿಪಡಿಸಲು ಅವನು ಆದೇಶಿಸಿದ. ಬೆಂಗಳೂರಿನಿಂದ ಹೊರಟ ರೈಲುಮಾರ್ಗ ಕೋಟೆಯೊಳಗಿಂದಲೇ ಹಾದು 1882ರ ಹೊತ್ತಿಗೆ ಮೈಸೂರು ಮುಟ್ಟಿತು. ಅಲ್ಲಿಂದ ಸಾಮಾನ್ಯರ ಪ್ರವಾಸ ಸುಲಭವಾಯಿತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆ 1930ರ ದಶಕದ ಆರಂಭದಲ್ಲಿ ಪೂರ್ಣಗೊಂಡ ಮೇಲೆ ಅದರ ಕೆಳಗಿನ ಬೃಂದಾವನ ಉದ್ಯಾನ, ಕೋಟೆ, ಸಂಗಮ ಒಂದೇ ದಿನದ ಸುತ್ತಿನಲ್ಲಿ ಸೇರಿ, ಶಾಲಾ ಪ್ರವಾಸಗಳ ಕಾಯಂ ದಾರಿಯಾಯಿತು.

ಕೊನೆಯದಾಗಿ ಸೇರಿದ್ದು ಹಕ್ಕಿ ನೋಡುವ ಹವ್ಯಾಸ. 1640ರ ದಶಕದ ಅಣೆಕಟ್ಟೆಯಿಂದ ನೀರು ನಿಂತು, ಪಟ್ಟಣಕ್ಕೆ ತುಸು ಮೇಲ್ಗಡೆ ಚಿಕ್ಕ ಚಿಕ್ಕ ತಿಟ್ಟುಗಳು ಉಂಟಾಗಿದ್ದವು. ಅಲ್ಲಿನ ಗೂಡುಗಳನ್ನು ಕಂಡ ಪಕ್ಷಿತಜ್ಞ ಸಲೀಂ ಅಲಿ ಮೈಸೂರು ಅರಸರ ಗಮನ ಸೆಳೆದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಬಣ್ಣದ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿ, ಬಾಯ್ಕಳಕ, ನೀರುಕಾಗೆಗಳು ಇಲ್ಲಿ ಮರಿ ಮಾಡುತ್ತವೆ. ಬಂಡೆಗಳ ಮೇಲೆ ಮೊಸಳೆಗಳು ಬಿಸಿಲು ಕಾಯುತ್ತವೆ. 2022ರಲ್ಲಿ ಇದು ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಹೊಲಗದ್ದೆಗೆಂದು ಕಟ್ಟಿದ ಕಟ್ಟೆಯೇ ಹಕ್ಕಿಗಳಿಗೂ ಮನೆ ಕೊಟ್ಟಿತು.

ಈ ಎಲ್ಲ ವಿಹಾರಕ್ಕೂ ನೀರೇ ಒಡೆಯ. ಕನ್ನಂಬಾಡಿಯಿಂದ ಹೆಚ್ಚು ನೀರು ಬಿಟ್ಟರೆ ಸ್ನಾನಘಟ್ಟ ಮುಳುಗುತ್ತದೆ. ಸಂಗಮದ ಹರಿಗೋಲೂ ರಂಗನತಿಟ್ಟಿನ ದೋಣಿಯೂ ನಿಲ್ಲುತ್ತವೆ. ಸೆಳೆತ ಗೊತ್ತಿಲ್ಲದೆ ಇಳಿದವರನ್ನು ಈ ಹೊಳೆ ಬಲಿ ತೆಗೆದುಕೊಂಡದ್ದೂ ಇದೆ. ಪಶ್ಚಿಮವಾಹಿನಿಯಲ್ಲಿ ಬಿಟ್ಟುಹೋದ ಬಟ್ಟೆ, ಮಡಕೆಗಳು ಹರಿವನ್ನು ಕೆಡಿಸುತ್ತಿವೆ. ಕೋಟೆಗೋಡೆ, ಅರಮನೆಗಳನ್ನು ಕಾಯಲು ಪುರಾತತ್ತ್ವ ಇಲಾಖೆಯಿದೆ. ಹೊಳೆಯನ್ನು ಶುಚಿಯಾಗಿ ಇಡುವ ಹೊಣೆ ಮಾತ್ರ ಮೀಯಲು ಬರುವ ಪ್ರತಿಯೊಬ್ಬರದೂ ಹೌದು.