ಹೊಳೆಯಾಚೆಯ ಲೈಸೆನ್ಸು, ಹೊಳೆಯೀಚೆಯ ಮುಚ್ಚಳಿಕೆ

ದಲಿತ ವಿಮರ್ಶೆ ಅಂದಕೂಡಲೆ ನಾವು ಕತೆ, ಕಾವ್ಯ, ಆತ್ಮಕತೆಗಳ ಕಡೆಗೇ ತಿರುಗುತ್ತೇವೆ. ಠಾಣೆಯ ರಿಜಿಸ್ಟರು, ತಹಸೀಲ್ದಾರರ ಆದೇಶ ಇವನ್ನು ಓದುವವರಿಲ್ಲ. ನಮ್ಮ ಜನರ ಬಗ್ಗೆ ಹೆಚ್ಚು ಬರೆದವರು ಕವಿಗಳಲ್ಲ, ಠಾಣೆಯ ರೈಟರ್‌ಗಳು. ಅವರ ಗದ್ಯಕ್ಕೂ ಒಂದು ವಿಮರ್ಶೆ ಬೇಕಲ್ಲ.

ಹರಿಹರ ನಮಗೆಲ್ಲ ಪ್ರೊ. ಬಿ. ಕೃಷ್ಣಪ್ಪನವರು ಹುಟ್ಟಿದ ಊರು. ಅದಕ್ಕೂ ಮೊದಲು ಅದು ಗಡಿಯ ಊರು. ಹರಿಹರ, ದಾವಣಗೆರೆ ಮೈಸೂರು ಸಂಸ್ಥಾನದವು; ತುಂಗಭದ್ರೆ ದಾಟಿದರೆ ರಾಣೆಬೆನ್ನೂರು ಸೀಮೆ, ಮುಂಬಯಿ ಪ್ರಾಂತ್ಯ; ಹರಪನಹಳ್ಳಿಗೆ ಹೋದರೆ ಮದರಾಸು ಪ್ರಾಂತ್ಯ. ಉಪ್ಪು, ದವಸ ಹೇರಿಕೊಂಡು ತಿರುಗುತ್ತಿದ್ದ ಕೊರಚರಿಗೆ, ಲಂಬಾಣಿಗರಿಗೆ ಹೊಳೆ ಅಂದರೆ ದಾರಿ. ಸರ್ಕಾರಕ್ಕೆ ಅದೇ ಗುಮಾನಿ.

1871ರಲ್ಲಿ ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರಲ್ಲಿ ದಕ್ಷಿಣಕ್ಕೂ ಚಾಚಿತು, 1924ರಲ್ಲಿ ಮತ್ತೆ ಹೊಸದಾಗಿ ಬರೆಯಲ್ಪಟ್ಟಿತು. ಹುಬ್ಬಳ್ಳಿಯಲ್ಲಿ ತಂತಿಬೇಲಿಯ ಸೆಟ್ಲ್‌ಮೆಂಟ್ ಎದ್ದಿತು. ಆ ಬಡಾವಣೆಗೆ ಇವತ್ತಿಗೂ ಅದೇ ಹೆಸರು. ನಡತೆ ಚೆನ್ನಾಗಿದೆ ಅಂತ ಅಧಿಕಾರಿಗೆ ಅನಿಸಿದರೆ ಲೈಸೆನ್ಸ್ ಮೇಲೆ ಹೊರಗೆ ಬಿಡುತ್ತಿದ್ದರು. ಅನಿಸದಿದ್ದರೆ ವಾಪಸ್. ಕೊಟ್ಟ ಕೈಯೇ ಕಿತ್ತುಕೊಳ್ಳುವಾಗ ದೂರು ಯಾರಿಗೆ ಹೇಳುವುದು? ಒಂದು ಕುಲವನ್ನು ಅಪರಾಧಿ ಎಂದು ಸಾರಿದ ಅಧಿಸೂಚನೆಯನ್ನು ಯಾವ ಕೋರ್ಟೂ ಪ್ರಶ್ನಿಸಬಾರದು ಎಂದು ಕಾಯ್ದೆಯೇ ಬಾಗಿಲು ಹಾಕಿತ್ತು.

ಅದರ 23ನೇ ಕಲಮು ಓದಿದರೆ ಮೈ ಉರಿಯುತ್ತದೆ. ಪಟ್ಟಿಯಲ್ಲಿದ್ದ ಅಪರಾಧಗಳಿಗೆ ಎರಡನೇ ಸಲ ಶಿಕ್ಷೆಯಾದರೆ ಏಳು ವರ್ಷಕ್ಕೆ ಕಡಿಮೆ ಇಲ್ಲ, ಮೂರನೆಯದಕ್ಕೆ ಜೀವಾವಧಿ ಕರಿನೀರು. ಸಣ್ಣದೊಂದು ಕಿಂಡಿ ಮಾತ್ರ ಉಳಿದಿತ್ತು: ವಿಶೇಷ ಕಾರಣವಿದ್ದರೆ ನ್ಯಾಯಾಧೀಶ ತೀರ್ಪಿನಲ್ಲಿ ಬರೆದು ಶಿಕ್ಷೆ ಇಳಿಸಬಹುದಿತ್ತು. ಆ ಕಾರಣವನ್ನು ಬಾಯಿಬಿಟ್ಟು ಹೇಳಬೇಕಾದವನು ವಕೀಲ. ವಕೀಲನ ಫೀಜಿಗೆ ಬೇಕಾದದ್ದು ದುಡ್ಡು.

1952ರ ಆಗಸ್ಟ್ 31ಕ್ಕೆ ಕಾಯ್ದೆ ರದ್ದಾಯಿತು. 1961ಕ್ಕೆ ನಮ್ಮ ರಾಜ್ಯದಲ್ಲೇ ರೂಢಿಗತ ಅಪರಾಧಿಗಳ ಕಾಯ್ದೆ ಬಂತು. ಕುಲದ ಹೆಸರು ಹೋಯಿತು, ಹಾಜರಿ ಪುಸ್ತಕ ಉಳಿಯಿತು. 2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಜೈಲು ಕೈಪಿಡಿಗಳ ಜಾತಿಯನ್ನು ಹೊಡೆದುಹಾಕಿತು, ಸಂತೋಷ. ಆದರೆ ಹೊರಗಿನ ಕಾಗದ?

ಮೆರವಣಿಗೆಯೋ ಗುಡಿ ಪ್ರವೇಶವೋ ಗಲಾಟೆಯಾದರೆ ಏಟು ತಿಂದವನ ಮೇಲೂ 107 ಹಾಕುವುದು ನಮಗೆ ಗೊತ್ತಿರುವ ಕತೆ. ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126. ಶಾಂತಿ ಕಾಯುತ್ತೇನೆ ಎಂದು ಒಂದು ವರ್ಷದವರೆಗೂ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಅದನ್ನು ಮುರಿದಿದ್ದಾನೆ ಎಂದು ರುಜುವಾತಾದರೆ 141ರ ಪ್ರಕಾರ ಜೈಲು. ಆದೇಶ ಮಾಡುವವರು ಕರಿಕೋಟಿನ ನ್ಯಾಯಾಧೀಶರಲ್ಲ, ಕಂದಾಯ ಇಲಾಖೆಯ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು.

ತಪ್ಪುಗಳು ನುಸುಳುವುದು ಇಲ್ಲೇ. ಕಲಮಿನಲ್ಲಿರುವುದು ಮುಚ್ಚಳಿಕೆಯ ಅವಧಿ ಮುಗಿಯುವವರೆಗೆ ಅಂತ. ವರ್ಷದ ಮುಚ್ಚಳಿಕೆಯಲ್ಲಿ ಎಂಟು ತಿಂಗಳು ಕಳೆದಿದ್ದರೆ ನಾಲ್ಕೇ ತಿಂಗಳು. ಮತ್ತೆ ಒಂದು ವರ್ಷ ಅಂತ ಬರೆದರೆ ಅದು ಕಾನೂನಿಲ್ಲದ ಸೆರೆ. ರುಜುವಾತಿನ ಆಧಾರಗಳನ್ನು ಬರೆದ ಮೇಲೆಯೇ ಆದೇಶ ಮಾಡಬೇಕು; ಪೊಲೀಸ್ ವರದಿ ನೋಡಿದೆ ಎಂಬ ಒಂದು ಸಾಲು ಆಧಾರವಲ್ಲ. ಮುಚ್ಚಳಿಕೆ ಕೊಡು ಎಂಬ ಮೊದಲ ಆದೇಶಕ್ಕೆ 414ರಲ್ಲಿ ಸೆಷನ್ಸ್ ಕೋರ್ಟಿಗೆ ಅಪೀಲು ಇದೆ. ಮುರಿದದ್ದಕ್ಕೆ ಜೈಲಿಗೆ ಹಾಕಿದ ಆದೇಶಕ್ಕೆ ಆ ಅಪೀಲಿನ ಕಲಮು ನೆರವಾಗದು. 438ರಲ್ಲಿ ರಿವಿಜನ್ ಹಾಕಬೇಕು, ತೊಂಬತ್ತು ದಿನದೊಳಗೆ.

ಹರಿಹರದವನಾದರೆ ದಾವಣಗೆರೆಯ ಜಿಲ್ಲಾ ಕೋರ್ಟಿಗೆ ಬರಬೇಕು. ಬಸ್ಸಿನ ದಾರಿ ದೊಡ್ಡದಲ್ಲ, ದಿನಗಳ ಲೆಕ್ಕ ದೊಡ್ಡದು. ನಾಲ್ಕು ತಿಂಗಳ ಸೆರೆಯ ರಿವಿಜನ್ ಐದನೇ ತಿಂಗಳಿಗೆ ವಾದಕ್ಕೆ ಬಂದರೆ ಗೆದ್ದವನು ಆಗಲೇ ಮನೆಯಲ್ಲಿರುತ್ತಾನೆ, ಕೂಲಿ ಕಳಕೊಂಡು. ಅದಕ್ಕೇ ರಿವಿಜನ್ ಜೊತೆಯಲ್ಲೇ ಆದೇಶ ತಡೆಹಿಡಿದು ಬಿಡುಗಡೆ ಮಾಡಿ ಎಂಬ ಅರ್ಜಿಯನ್ನೂ ಕೊಡಬೇಕು. ಆ ಅಧಿಕಾರವನ್ನು ಅದೇ ಕಲಮು ಕೊಟ್ಟಿದೆ. ಸಂಘಟನೆಯ ಹುಡುಗರು ಜೈಲಿನ ಮುಂದೆ ಘೋಷಣೆ ಕೂಗುವ ಮೊದಲು ತಾಲ್ಲೂಕು ಕಚೇರಿಗೆ ಹೋಗಿ ಆದೇಶದ ದೃಢೀಕೃತ ನಕಲು ಕೇಳಲಿ. ಮುಚ್ಚಳಿಕೆ ಬರೆದ ತಾರೀಖು ಯಾವುದು, ಮುರಿದ ತಾರೀಖು ಯಾವುದು, ಉಳಿದ ದಿನ ಎಷ್ಟು, ಅದನ್ನು ಪೆನ್ಸಿಲಿನಲ್ಲಿ ನಕಲಿನ ಅಂಚಿಗೇ ಬರೆದಿಟ್ಟುಕೊಳ್ಳಲಿ.