ಹಬ್ಬದ ಎಲೆ, ಸಣ್ಣ ಸಂಸಾರ

ಯುಗಾದಿಯ ದಿನ ನಮ್ಮ ಮನೆಗಳಲ್ಲಿ ಆಗತಕ್ಕ ಅಡುಗೆಗೆ ಚರಿತ್ರೆಯೊಂದು ಉಂಟೆಂದರೆ ಶ್ರೋತೃಗಳಲ್ಲಿ ಕೆಲವರು ನಕ್ಕಾರು. ಚರಿತ್ರೆಯೆಂದರೆ ರಾಜರದು, ಯುದ್ಧಗಳದು. ಒಬ್ಬಟ್ಟಿಗೂ ಕೋಸಂಬರಿಗೂ ಅದರಲ್ಲಿ ಎಡೆಯೆಲ್ಲಿ ಎಂದು ಕೇಳಬಹುದು. ಆದರೆ ಪ್ರತಿ ವರ್ಷವೂ ಚೈತ್ರಶುದ್ಧ ಪಾಡ್ಯಮಿ ಹತ್ತಿರವಾದಂತೆ ನಗರದ ಎಷ್ಟೋ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮನೆಯಲ್ಲಿ ಇರುವವರು ಗಂಡ, ಹೆಂಡತಿ, ಎರಡು ಮಕ್ಕಳು. ನಾಲ್ಕು ಎಲೆಗಾಗಿ ಒಲೆಯ ಮುಂದೆ ಅಷ್ಟು ಹೊತ್ತು ನಿಲ್ಲಬೇಕೆ? ಅಂಗಡಿಯಿಂದ ಒಬ್ಬಟ್ಟನ್ನು ತಂದು, ಅನ್ನಸಾರು ಮಾಡಿ ಮುಗಿಸಿದರೆ ಆಗದೆ? ಅಜ್ಜಿ ಮಾಡುತ್ತಿದ್ದಂತೆ ಮಾಡಲಾಗದಿದ್ದರೆ ಮಾಡದಿರುವುದೇ ಮೇಲಲ್ಲವೆ? ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಅಜ್ಜಿಯ ಅಡುಗೆ ಎಷ್ಟು ಹಳೆಯದು, ಅದರಲ್ಲಿ ಯಾವುದು ಎಲ್ಲಿಂದ ಬಂದದ್ದು ಎಂಬುದನ್ನು ಮೊದಲು ತಿಳಿಯಬೇಕು. ಇದು ಚರಿತ್ರೆಯ ಕೆಲಸವೇ.

ಆಹಾರದ ವಿಷಯದಲ್ಲಿ ಕನ್ನಡ ನಾಡು ಬರೆದಿಟ್ಟಷ್ಟು ಬರೆದ ನಾಡುಗಳು ಹೆಚ್ಚಿಲ್ಲ. ಸುಮಾರು ಕ್ರಿ. ಶ. 920ರದೆಂದು ಹೇಳುವ ವಡ್ಡಾರಾಧನೆಯಲ್ಲಿ ಆಗಲೇ 'ಇಡ್ಡಲಿಗೆ' ಎಂಬ ಹೆಸರು ಬರುತ್ತದೆ. ಚಾಳುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನು ಸುಮಾರು 1025ರಲ್ಲಿ ಲೋಕೋಪಕಾರವೆಂಬ ಕನ್ನಡ ಗ್ರಂಥವನ್ನು ರಚಿಸಿದನು. ಜ್ಯೋತಿಷ, ವಾಸ್ತು, ನೆಲದಡಿಯ ನೀರನ್ನು ಕಂಡುಹಿಡಿಯುವ ಬಗೆ, ಗಿಡಮರಗಳ ಆರೈಕೆ, ವಿಷವೈದ್ಯ ಇವುಗಳ ನಡುವೆ ಸೂಪಶಾಸ್ತ್ರಕ್ಕೂ ಅವನು ಒಂದು ಭಾಗವನ್ನು ಮೀಸಲಿಟ್ಟಿದ್ದಾನೆ. ಲೋಕದ ಉಪಕಾರಕ್ಕಾಗಿ ಬರೆದ ಪುಸ್ತಕದಲ್ಲಿ ಬಾವಿಯೂ ಬೇಕು, ಒಲೆಯೂ ಬೇಕು ಎಂದು ಅವನಿಗೆ ತೋರಿದ್ದು ಸಹಜವೇ. ಆ ಬಳಿಕ 1129ರಲ್ಲಿ ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಬಂದಿತು. ಇದು ಸಂಸ್ಕೃತ ಗ್ರಂಥ. ನೂರು ಅಧ್ಯಾಯಗಳ ವಿಶ್ವಕೋಶ. ಅದರ ಅನ್ನಭೋಗದ ಪ್ರಕರಣದಲ್ಲಿ ಮಂಡಕ, ಪೋಳಿಕಾ, ದೋಸಕ, ಇಡ್ಡರಿಕಾ, ವಟಕ ಎಂಬ ಹೆಸರುಗಳು ಸಾಲಾಗಿ ಕಾಣಬರುತ್ತವೆ. ಮಂಡಕವೇ ನಮ್ಮ ಮಂಡಿಗೆ. ಬೆಳಗಾವಿಯ ಕಡೆಯಲ್ಲಿ ಕಾದ ಮಡಕೆಯ ಬೆನ್ನ ಮೇಲೆ ಹಾಸಿ ಬೇಯಿಸುವ ಆ ತೆಳ್ಳನೆಯ ಭಕ್ಷ್ಯ. ಪೋಳಿಕಾ, ಪೋಳಿಗೆ, ಹೋಳಿಗೆ ಎಂಬ ನಡೆ ಪಕಾರವು ಹಕಾರವಾದುದನ್ನು ಬಲ್ಲ ಕನ್ನಡಿಗರಿಗೆ ವಿವರಿಸಬೇಕಾದುದಿಲ್ಲ. ಇನ್ನು ಹದಿನಾರನೆಯ ಶತಮಾನದ ಮೊದಲಲ್ಲಿದ್ದ ಕಲ್ಲಹಳ್ಳಿಯ ಮೂರನೆಯ ಮಂಗರಸನು ಅಡುಗೆಯೊಂದನ್ನೇ ವಿಷಯವಾಗಿಟ್ಟುಕೊಂಡು ಸೂಪಶಾಸ್ತ್ರವೆಂಬ ಪದ್ಯಗ್ರಂಥವನ್ನೇ ಬರೆದನು. ಅವನು ಜೈನನಾದುದರಿಂದ ಅಲ್ಲಿ ಮಾಂಸಕ್ಕೆ ಸ್ಥಳವಿಲ್ಲ. ಬದನೆಕಾಯಿಗೆ ಮಾತ್ರ ರಾಜಮರ್ಯಾದೆ ಉಂಟು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಹೆಸರು ಒಂದಾದ ಮಾತ್ರಕ್ಕೆ ತಿಂಡಿಯೂ ಒಂದೇ ಎಂದು ಸಾಧಿಸಹೊರಡುವುದು ನಮ್ಮಲ್ಲಿ ಕೆಲವರಿಗೆ ಇರುವ ಚಾಪಲ್ಯ. ಸೋಮೇಶ್ವರನ ಇಡ್ಡರಿಕೆಯಲ್ಲಿ ಅಕ್ಕಿಯೇ ಇಲ್ಲ. ಅದು ಬರಿಯ ಉದ್ದಿನದು. ಮೆಣಸು, ಜೀರಿಗೆ, ಇಂಗು ಅದಕ್ಕೆ ಸೇರುತ್ತಿದ್ದುವು. ಈ ಇಂಗಾದರೂ ಎಲ್ಲಿಯದು? ಪರ್ಷಿಯಾ, ಅಫಘಾನಿಸ್ಥಾನಗಳ ಬೆಟ್ಟದ ಗಿಡದ ಅಂಟು. ಪರದೇಶದ ಪದಾರ್ಥವಿಲ್ಲದ ಶುದ್ಧ ದೇಶೀ ಅಡುಗೆಯನ್ನು ಹುಡುಕುತ್ತ ಒಂಬತ್ತು ಶತಮಾನ ಹಿಂದಕ್ಕೆ ಹೋದರೂ ಅರಮನೆಯ ಅಡುಗೆಮನೆಯ ಬಾಗಿಲಲ್ಲಿ ಇಂಗಿನ ವಾಸನೆಯೇ ನಮ್ಮನ್ನು ಎದುರುಗೊಳ್ಳುತ್ತದೆ.

ಪೋರ್ಚುಗೀಸರು ಗೋವೆಯನ್ನು ಹಿಡಿದುದು 1510ರಲ್ಲಿ. ಮಂಗರಸನ ಸೂಪಶಾಸ್ತ್ರವೂ ಹೆಚ್ಚುಕಡಮೆ ಅದೇ ಕಾಲದ್ದೆಂಬುದು ಗಮನಿಸತಕ್ಕ ಸಂಗತಿ. ಎಂದರೆ, ಅಮೆರಿಕದ ಬೆಳೆಗಳು ನಮ್ಮ ಅಡುಗೆಮನೆಯನ್ನು ಹೊಗುವುದಕ್ಕೆ ಮುಂಚಿನ ಕನ್ನಡ ಊಟದ ಕೊನೆಯ ದೊಡ್ಡ ಲೆಕ್ಕ ಅದು. ಆಮೇಲೆ ಹಡಗಿನಲ್ಲಿ ಬಂದುವುಗಳ ಪಟ್ಟಿಯನ್ನು ನಮ್ಮ ಮಾತೇ ಇಟ್ಟುಕೊಂಡಿದೆ. ಮೆಣಸಿನಕಾಯಿ ಎಂಬ ಹೆಸರನ್ನೇ ನೋಡಿ. ಖಾರಕ್ಕೆ ನಮ್ಮವರು ಬಲ್ಲದ್ದು ಬಳ್ಳಿಯ ಮೆಣಸು ಒಂದೇ. ಹೊಸ ಕಾಯಿ ಬಂದಾಗ ಅದು ಮೆಣಸಿನ ಕಾಯಿಯಾಯಿತು. ಕಾಲಕ್ರಮದಲ್ಲಿ ಬಂದವನು ಮನೆಯವನಾಗಿ, ಮನೆಯವನು ತನ್ನ ಗುರುತು ಹೇಳಿಕೊಳ್ಳಬೇಕಾಯಿತು: ಹಳೆಯ ಮೆಣಸಿಗೆ ಕರಿಮೆಣಸು, ಒಳ್ಳೆಮೆಣಸು ಎಂದು ವಿಶೇಷಣ ಹಚ್ಚಬೇಕಾಯಿತು. ಕಡಲೆಯನ್ನು ಬಲ್ಲವರಿಗೆ ನೆಲದೊಳಗೆ ಬೆಳೆಯುವುದು ಕಡಲೆಕಾಯಿಯಾಯಿತು. ಬದನೆಯನ್ನು ಬಲ್ಲವರಿಗೆ ಮತ್ತೊಂದು ಸೀಮೆಬದನೆಯಾಯಿತು. ಪರಂಗಿಯ ಹಣ್ಣು ತನ್ನನ್ನು ತಂದವರ ಹೆಸರನ್ನೇ ಹೊತ್ತಿದೆ. ಪಾಯಸದ ಗೋಡಂಬಿ ಬ್ರೆಜಿಲಿನ ಮರದ್ದು. ಮದುವೆಮನೆಯಲ್ಲಿ ಎಲ್ಲರೂ ಕೇಳಿ ಬಡಿಸಿಕೊಳ್ಳುವ ಗೊಜ್ಜಿನ ಅನಾನಸು ಕೂಡ ಆ ಖಂಡದ್ದೇ.

ಇದಕ್ಕೆ ಪುಸ್ತಕಕ್ಕಿಂತ ಬಲವಾದ ಸಾಕ್ಷಿ ಶ್ರಾದ್ಧದ ಅಡುಗೆ. ಹಬ್ಬದಲ್ಲಿ ಆಲೂಗೆಡ್ಡೆಯ ಪಲ್ಯವನ್ನು ಸಂಕೋಚವಿಲ್ಲದೆ ಬಡಿಸುವ ಆಚಾರವಂತರ ಮನೆಯಲ್ಲಿ ಶ್ರಾದ್ಧದ ದಿನ ಅದಕ್ಕೆ ಪ್ರವೇಶವಿಲ್ಲ. ಮೆಣಸಿನಕಾಯಿ, ಟೊಮೆಟೊ, ಎಲೆಕೋಸು, ಹುರುಳಿಕಾಯಿ ಒಂದೂ ಕೂಡದು. ಖಾರಕ್ಕೆ ಮೆಣಸು, ಜೊತೆಗೆ ಜೀರಿಗೆ. ತರಕಾರಿಗೆ ಬಾಳೆಕಾಯಿ, ಹಾಗಲಕಾಯಿ. ಪಿತೃಗಳು ಬಲ್ಲ ಊಟವನ್ನೇ ಪಿತೃಗಳಿಗೆ ಇಡುವುದು ಎಂದು ಇದನ್ನು ಅರ್ಥಮಾಡಬಹುದು. ಚರಿತ್ರಕಾರನ ದೃಷ್ಟಿಗೆ ಆ ದಿನದ ಅಡುಗೆಮನೆ ಒಂದು ವಸ್ತುಪ್ರದರ್ಶನಶಾಲೆ; ಹದಿನಾರನೆಯ ಶತಮಾನಕ್ಕೆ ಮುಂಚಿನ ಎಲೆ ಅಲ್ಲಿ ಹಾಗೆಯೇ ಉಳಿದಿದೆ. ಹಬ್ಬದ ಎಲೆಯಾದರೋ ಯಾವ ಕಾಲದಲ್ಲಿಯೂ ಬಾಗಿಲು ಹಾಕಿಕೊಂಡದ್ದಲ್ಲ.

ಇದುವರೆಗೆ ಹೇಳಿದುದೆಲ್ಲ ಬರೆಯಬಲ್ಲವರ, ಬರೆಯಿಸಬಲ್ಲವರ ಊಟ. ನಾಡಿನ ಬಹುಜನರು ಉಂಡದ್ದು ಬೇರೆ. 1800 ಮತ್ತು 1801ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಬೆದ್ದಲು ಬೆಳೆಗಳಲ್ಲೆಲ್ಲ ರಾಗಿಗೆ ಮೊದಲ ಸ್ಥಾನವೆಂದು ಬರೆದಿದ್ದಾನೆ. ಅದಕ್ಕೆ ಬಹಳ ಮುಂಚೆಯೇ ಕನಕದಾಸರು ರಾಮಧಾನ್ಯ ಚರಿತೆಯಲ್ಲಿ ಭತ್ತವನ್ನೂ ರಾಗಿಯನ್ನೂ ಶ್ರೀರಾಮನ ಸಭೆಯಲ್ಲಿ ವಾದಕ್ಕೆ ನಿಲ್ಲಿಸಿ ರಾಗಿಯನ್ನು ಗೆಲ್ಲಿಸಿದ್ದರು. ಆ ಕಥೆಯಲ್ಲಿ ಧಾನ್ಯಗಳ ಹೆಸರಿನಲ್ಲಿ ಜಗಳವಾಡುವವರು ಯಾರೆಂಬುದು ಕೇಳುವವರಿಗೆ ತಿಳಿಯದೆ ಇರದು. ರಾಗಿಯ ಮುದ್ದೆಯುಂಡು ವರ್ಷ ಕಳೆಯುವ ಮನೆಯಲ್ಲಿ ಬಿಳಿಯ ಅನ್ನವೇ ಹಬ್ಬ. ಅದರ ಮೇಲೆ ಬೆಲ್ಲ, ತುಪ್ಪ, ಗೋಧಿಯ ಕಣಕ ಇವು ಸೇರಿದರೆ ವರ್ಷಕ್ಕೆ ಎರಡು ಮೂರು ಸಲ ಕೈಗೆಟುಕುವ ವೈಭವ. ಕೃಷ್ಣರಾಜಸಾಗರದ ಕಾಲುವೆಯ ನೀರು ಹರಿದು ಮಂಡ್ಯದ ಸುತ್ತ ಕಬ್ಬು ಹಬ್ಬಿ, 1933ರಲ್ಲಿ ಅಲ್ಲಿ ಸಕ್ಕರೆಯ ಕಾರ್ಖಾನೆ ಹುಟ್ಟಿದುದೂ ಈ ಚರಿತ್ರೆಯ ಒಂದು ಪುಟವೇ. ದಿನವೂ ಅನ್ನವನ್ನೂ ಸಿಹಿಯನ್ನೂ ತಿನ್ನುವ ನಮಗೆ ಹಬ್ಬದ ಊಟವು ಸಪ್ಪೆಯೆನಿಸಿದರೆ ತಪ್ಪು ಊಟದ್ದಲ್ಲ.

ಈಗ ಸಣ್ಣ ಸಂಸಾರದ ಮಾತಿಗೆ ಬರೋಣ. ಬೆಂಗಳೂರಿನಲ್ಲಿ ಚಾಮರಾಜಪೇಟೆ 1892ರಲ್ಲಿ ಏರ್ಪಟ್ಟಿತು. 1898ರ ಪ್ಲೇಗಿನ ಹಾವಳಿಯಾದ ಮೇಲೆ ಮಲ್ಲೇಶ್ವರವೂ ಬಸವನಗುಡಿಯೂ ಬೆಳೆದುವು. ಕಚೇರಿಯ ಗುಮಾಸ್ತರು, ಉಪಾಧ್ಯಾಯರು, ವಕೀಲರು ಹಳ್ಳಿಯ ತೊಟ್ಟಿಮನೆಯನ್ನು ಬಿಟ್ಟು ಬಂದು ಇಂಥ ಬಡಾವಣೆಗಳಲ್ಲಿಯೂ ವಠಾರಗಳಲ್ಲಿಯೂ ಬಿಡಾರ ಹೂಡಿದರು. ಅವರೊಡನೆ ಅತ್ತೆ ಬರಲಿಲ್ಲ, ಓರಗಿತ್ತಿ ಬರಲಿಲ್ಲ, ಹಪ್ಪಳ ಲಟ್ಟಿಸುವುದಕ್ಕೆ ಸೇರುತ್ತಿದ್ದ ಕೇರಿಯ ಹೆಂಗಸರು ಬರಲಿಲ್ಲ. ಬಂದವಳು ಹತ್ತೊಂಬತ್ತು ಇಪ್ಪತ್ತು ವರ್ಷದ ಸೊಸೆ ಒಬ್ಬಳೇ. ನನ್ನ ಅಭಿಪ್ರಾಯದಲ್ಲಿ ನಮ್ಮ ಅಡುಗೆಯ ಚರಿತ್ರೆಯಲ್ಲಿ ಮೆಣಸಿನಕಾಯಿ ಬಂದುದಕ್ಕಿಂತಲೂ ದೊಡ್ಡ ಸಂಗತಿ ಇದೇ. ಏಕೆಂದರೆ ಮನೆಯ ಅಡುಗೆಯನ್ನು ಬಲ್ಲವರು ಅದನ್ನು ಬರೆದಿಡಲಿಲ್ಲ. ಬರೆದವರು ಚಾವುಂಡರಾಯ, ಸೋಮೇಶ್ವರ, ಮಂಗರಸ ಮೊದಲಾದ ಗಂಡಸರು. ಪುರಾಣಗಳಲ್ಲಿ ಪಾಕಪ್ರವೀಣರೆಂದು ಹೆಸರಾದ ನಳಭೀಮರೂ ಗಂಡಸರೇ. ದಿನವೂ ಒಲೆಯ ಮುಂದೆ ಕುಳಿತವಳ ವಿದ್ಯೆಯೆಲ್ಲ ಅವಳ ಕೈಯಲ್ಲಿಯೇ ಇತ್ತು: ಒಂದು ಹಿಡಿ, ಒಂದು ಚಿಟಿಕೆ, ಮೂಗಿಗೆ ತಿಳಿಯುವ ಹದ. ಆ ಕೈ ಹಳ್ಳಿಯಲ್ಲಿಯೇ ಉಳಿದರೆ ವಿದ್ಯೆಯೂ ಅಲ್ಲಿಯೇ ಉಳಿಯುತ್ತದೆ. ನೆರೆಯ ಮದರಾಸಿನಲ್ಲಿ ಎಸ್. ಮೀನಾಕ್ಷಿ ಅಮ್ಮಾಳ್ ಅವರ ತಮಿಳು ಪಾಕಪುಸ್ತಕ 1951ರಲ್ಲಿ ಹೊರಬಂದು ಮನೆಮನೆಗೂ ಹೋದುದಕ್ಕೆ ಕಾರಣ ಇದೇ ಕೊರತೆ. ಹಿರಿಯರಿಲ್ಲದ ಮನೆಗೆ ಪುಸ್ತಕವೇ ಅತ್ತೆಯಾಯಿತು. ಅಳತೆಗಳೂ ಬದಲಾದುವು. 1956ರ ಕಾಯಿದೆಯಿಂದ ಮೆಟ್ರಿಕ್ ಮಾನ ಬಂದು ಸೇರು, ಅಚ್ಚೇರು, ಪಾವು, ಚಟಾಕುಗಳು ಅಂಗಡಿಯಿಂದ ಕ್ರಮೇಣ ಮರೆಯಾದುವು. ಅಡುಗೆಮನೆಯ ಡಬ್ಬಿಯಲ್ಲಿ ಮಾತ್ರ ಪಾವು ಇನ್ನೂ ಅಲ್ಲಲ್ಲಿ ಉಳಿದಿದೆ.

ಹಾಗಾದರೆ ನಾಲ್ವರ ಮನೆಯಲ್ಲಿ ಯುಗಾದಿಯ ಎಲೆಗೆ ಏನು ಬೇಕು? ಅರಮನೆಯ ಅನ್ನಭೋಗವನ್ನೂ ಮದುವೆಮನೆಯ ಸಾಲುಪಂಕ್ತಿಯನ್ನೂ ಮನಸ್ಸಿನಿಂದ ತೆಗೆದುಹಾಕಿದರೆ ಉಳಿಯುವುದು ಸ್ವಲ್ಪವೇ. ಬೇವುಬೆಲ್ಲ, ಹೆಸರುಬೇಳೆಯ ಕೋಸಂಬರಿ, ಮಾವಿನಕಾಯಿಯ ಚಿತ್ರಾನ್ನ, ಒಬ್ಬಟ್ಟು, ಅದರ ಸಾರು, ಅನ್ನ, ತುಪ್ಪ, ಮಜ್ಜಿಗೆ. ಬೇವಿನ ಹೂವೂ ಎಳೆಯ ಮಾವಿನಕಾಯಿಯೂ ಆ ಋತುವಿನವೇ ಆದುದರಿಂದ ಹಬ್ಬವೂ ಪೇಟೆಯೂ ಒಂದೇ ಮಾತನ್ನು ಆಡುತ್ತವೆ. ಕೋಸಂಬರಿಗೆ ಬೇಳೆ ಒಂದು ಗಂಟೆ ನೆನೆದರೆ ಸಾಕು, ಒಲೆಯ ಹಂಗಿಲ್ಲ. ಚಿತ್ರಾನ್ನಕ್ಕೆ ಕಾಯಿಯ ಹುಳಿಯನ್ನು ನಾಲಗೆಯಿಂದ ಪರೀಕ್ಷಿಸಿಯೇ ಅಳತೆ ಮಾಡಬೇಕು.

ಉಳಿದದ್ದೆಲ್ಲ ಒಬ್ಬಟ್ಟಿನ ಕೆಲಸ. ಒಂದು ಪಾವು, ಎಂದರೆ ಸುಮಾರು 200 ಗ್ರಾಂ ಬೇಳೆ. ಕಡಲೆಬೇಳೆಯಾದರೂ ಸರಿ, ಹಳೆಯ ಮೈಸೂರಿನ ಕಡೆಯವರಂತೆ ತೊಗರಿಯಾದರೂ ಸರಿ. ಬೇಳೆಯಷ್ಟೇ ಬೆಲ್ಲ. ಪಾವಿನಷ್ಟು ಚಿರೋಟಿ ರವೆ. ಇಷ್ಟರಲ್ಲಿ 12 ಒಬ್ಬಟ್ಟು ಆಗುತ್ತವೆ, ನಾಲ್ವರಿಗೆ ಧಾರಾಳ. ಮೊದಲು ಮಾಡಬೇಕಾದುದು ಕಣಕ. ಅರಿಸಿನ ಹಾಕಿ ಸಡಿಲವಾಗಿ ಕಲಸಿ, ಎಣ್ಣೆಯಲ್ಲಿ ನಾದಿ, ಎರಡು ಗಂಟೆಯಾದರೂ ಮುಚ್ಚಿಡಬೇಕು. ಆಗ ಅದು ಎಳೆದಂತೆ ಬರುತ್ತದೆ, ಹರಿಯದು. ಬೇಳೆಯನ್ನು ಹೆಚ್ಚು ನೀರಿನಲ್ಲಿ ಬೇಯಿಸಬೇಕು. ಬೆರಳ ನಡುವೆ ಒತ್ತಿದರೆ ಮೆತ್ತಗೆ ಮುರಿಯಬೇಕು, ತಾನಾಗಿ ಕರಗಿರಬಾರದು. ಕುಕ್ಕರಿನ ದಾಕ್ಷಿಣ್ಯಕ್ಕೆ ಸಿಕ್ಕಿ ಬೇಳೆ ಕರಗಿತೆಂದರೆ ಕಟ್ಟು ಸೋಸುವುದಕ್ಕೆ ಬಾರದು, ಹೂರಣ ನೀರಾಗುತ್ತದೆ. ಸೋಸಿದ ಬೇಳೆಗೆ ಬೆಲ್ಲ ಸೇರಿಸಿದಾಗ ಬೆಲ್ಲವು ನೀರು ಬಿಡುವುದು ಸಹಜ. ಅದು ಇಂಗಿ, ಸೌಟು ನಡುವೆ ನೆಟ್ಟಗೆ ನಿಲ್ಲುವವರೆಗೆ ಒಲೆಯ ಮೇಲೆ ಮಗುಚಿ, ಆಮೇಲೆ ಏಲಕ್ಕಿಯೊಡನೆ ನುಣ್ಣಗೆ ರುಬ್ಬಬೇಕು. ಹೂರಣ ತೆಳ್ಳಗಾದರೆ ಗಾಬರಿಪಡುವ ಕಾರಣವಿಲ್ಲ; ಮತ್ತೆ ಬಾಣಲೆಗೆ ಹಾಕಿ ಬಾಡಿಸಿದರೆ ಗಟ್ಟಿಯಾಗುತ್ತದೆ. ಕಣಕವು ಹೂರಣಕ್ಕಿಂತ ಕಡಮೆಯಿರಬೇಕು ಎಂಬುದೊಂದೇ ಇದರ ಶಾಸ್ತ್ರ.

ತಾಯಿ ಮಗಳು ಇಬ್ಬರು ಕುಳಿತು ಒಬ್ಬರು ತಟ್ಟಿ ಒಬ್ಬರು ಬೇಯಿಸಿದರೆ ಅರ್ಧ ಗಂಟೆಯ ಕೆಲಸ. ಮನೆಯ ಯಜಮಾನರು ಆ ಹೊತ್ತಿನಲ್ಲಿ ಪತ್ರಿಕೆಯನ್ನು ಮಡಿಸಿಟ್ಟು ಕಾಯಿ ತುರಿದುಕೊಟ್ಟರೆ ಅವರ ಗೌರವಕ್ಕೇನೂ ಕುಂದಿಲ್ಲ. ಚಾಳುಕ್ಯ ಚಕ್ರವರ್ತಿಯೇ ಉದ್ದಿನ ಹಿಟ್ಟಿನ ವಿಷಯವಾಗಿ ಶ್ಲೋಕ ಬರೆದಿರುವಾಗ ಇದು ಯಾವ ದೊಡ್ಡ ಮಾತು? ಹತ್ತು ವರ್ಷದ ಹುಡುಗನನ್ನೂ ಒಂದು ಉಂಡೆ ತಟ್ಟಲು ಕರೆಯಬಹುದು. ಮೊದಲನೆಯದು ಒಡೆಯುತ್ತದೆ, ಎರಡನೆಯದು ಸೊಟ್ಟಗಾಗುತ್ತದೆ, ಮೂರನೆಯದನ್ನು ಅವನು ತನ್ನ ಎಲೆಗೇ ಹಾಕಿಸಿಕೊಳ್ಳುತ್ತಾನೆ. ಅಂಗಡಿಯ ಒಬ್ಬಟ್ಟು ಇದಕ್ಕಿಂತ ದುಂಡಗೆ ಇರಬಹುದು. ಆದರೆ ಅದರೊಡನೆ ಕಟ್ಟು ಬರುವುದಿಲ್ಲ. ಕಟ್ಟು ಬಾರದ ಮನೆಯಲ್ಲಿ ಒಬ್ಬಟ್ಟಿನ ಸಾರು ಇಲ್ಲ.

ಈ ಸಾರಿನ ವಿಷಯ ಹೇಳದೆ ಮುಗಿಸುವಂತಿಲ್ಲ. ಬೇಳೆ ಬೆಂದ ನೀರನ್ನು ಚೆಲ್ಲದೆ, ಅದಕ್ಕೆ ಒಂದು ಹಿಡಿ ಹೂರಣ, ಹುಣಿಸೆಯ ರಸ, ಸಾರಿನ ಪುಡಿ, ತೆಂಗಿನಕಾಯಿ ಸೇರಿಸಿ ಕುದಿಸಿ, ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆ ಕೊಟ್ಟದ್ದು. ಉತ್ತರದ ಜಿಲ್ಲೆಗಳಲ್ಲಿ ಇದಕ್ಕೆ ಕಟ್ಟಿನ ಸಾರೆಂದೇ ಹೆಸರು. ಬೇಳೆಯೂ ಬೆಲ್ಲವೂ ಅಪರೂಪವಾಗಿದ್ದ ದಿನಗಳಲ್ಲಿ ಒಂದು ಹನಿಯನ್ನೂ ಹಾಳುಮಾಡದ ಗೃಹಿಣಿಯ ಕೈಯಿಂದ ಹುಟ್ಟಿದ ಅಡುಗೆ ಇದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಕ್ಕರೆಗಳಿಗೆ ಪಡಿತರ ಬಂದಾಗ ನಗರದ ಮನೆಗಳಿಗೆ ಈ ವಿದ್ಯೆ ಮತ್ತೆ ಉಪಯೋಗಕ್ಕೆ ಬಂದಿತು. ಹಬ್ಬದ ಮರುದಿನ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಹೊಸತೊಡಕು. ಬಹುಜನರ ಮನೆಯಲ್ಲಿ ಅಂದು ಮಾಂಸದ ಅಡುಗೆ. ಅದನ್ನು ಮಾಡದ ಮನೆಗಳಲ್ಲಿ ಹಿಂದಿನ ದಿನದ ಒಬ್ಬಟ್ಟಿನ ಸಾರನ್ನು ಮತ್ತೊಂದು ಕುದಿ ಕುದಿಸಿ ಬಿಸಿ ಅನ್ನಕ್ಕೆ ಕಲಸುತ್ತಾರೆ. ಒಂದು ರಾತ್ರಿ ಕಳೆದ ಸಾರೇ ಹೆಚ್ಚು ರುಚಿಯೆಂಬ ವಿಷಯದಲ್ಲಿ ನಾನು ಬಲ್ಲ ಮನೆಗಳಲ್ಲೆಲ್ಲ ಒಮ್ಮತವಿದೆ.